ಟಿಪ್ಪು ಸಿಂಹಾಸನ ಒಡೆದವರು ಯಾರು?

ಅತ್ತೆ: (ಹುಲಿ ತಲೆಯ ಫೋಟೊ ಫಾರ್ವರ್ಡ್) "ಶ್ರೀರಂಗಪಟ್ಟಣ ಬಿದ್ದ ರಾತ್ರಿ ಸೈನಿಕರು ಟಿಪ್ಪುವಿನ ಸಿಂಹಾಸನ ಒಡೆದು ದೋಚಿದರು."

ದೊಡ್ಡಪ್ಪ: ಯುದ್ಧ ಅಂದಮೇಲೆ ಲೂಟಿ ಇದ್ದದ್ದೇ. ಈಗ ಯಾಕೆ ಆ ಮಾತು?

ನಾನು: ಇಲ್ಲ ದೊಡ್ಡಪ್ಪ, ಎರಡೂ ಬೇರೆ. 1799ರ ಮೇ 4ರ ರಾತ್ರಿ ಸೈನಿಕರು ಊರು ದೋಚಿದ್ದು ನಿಜ. ಆಮೇಲೆ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಕೆಲವರನ್ನು ನೇಣಿಗೆ ಹಾಕಿಸಿ ಅದನ್ನು ನಿಲ್ಲಿಸಿದ. ಸಿಂಹಾಸನ ಒಡೆದವರು ಪ್ರೈಜ್ ಏಜೆಂಟರು. ಗೆದ್ದ ಮಾಲಿಗೆ ಬೆಲೆ ಕಟ್ಟಿ ಪಾಲು ಹಂಚುವುದೇ ಅವರ ಕೆಲಸ. ಮರದ ಮೇಲೆ ಹೊದಿಸಿದ್ದ ಚಿನ್ನದ ತಗಡನ್ನು ಕಿತ್ತು ತುಂಡು ಮಾಡಿದರು. ಇಡೀ ಸಿಂಹಾಸನವನ್ನು ಲಂಡನ್ನಿಗೆ ಕಳಿಸಬೇಕು ಅಂತ ಗವರ್ನರ್ ಜನರಲ್‌ಗೆ ಆಸೆ ಇತ್ತು. ಅಷ್ಟರಲ್ಲಿ ಕೆಲಸ ಮುಗಿದಿತ್ತು.

ತಮ್ಮ: ಪ್ರೈಜ್ ಮನಿ ಅಂದ್ರೆ ಕಬಡ್ಡಿ ಗೆದ್ದವರಿಗೆ ಕೊಡೋದಲ್ವಾ?

ದೊಡ್ಡಪ್ಪ: ಇದು ಯುದ್ಧದ್ದು ಕಣೋ. ಇಂಗ್ಲಿಷರ ನೌಕಾಪಡೆಯಲ್ಲಿ ಹಳೇ ಪದ್ಧತಿ. ಹಿಡಿದ ಶತ್ರು ಹಡಗಿನ ಬೆಲೆಯಲ್ಲಿ ರಾಜನ ಪಾಲನ್ನೂ 1708ರ ಕಾನೂನು ಹಿಡಿದವರಿಗೇ ಬಿಟ್ಟುಕೊಟ್ಟಿತು. 1762ರಲ್ಲಿ ಹರ್ಮಿಯೋನ್ ಅನ್ನೋ ಸ್ಪೇನಿನ ಹಡಗು ಸಿಕ್ಕಾಗ ಸಾಮಾನ್ಯ ನಾವಿಕನಿಗೂ ಸುಮಾರು 485 ಪೌಂಡ್ ಬಂತು. ಜೀವ ಒತ್ತೆಯಿಟ್ಟವನಿಗೆ ಅಷ್ಟೂ ಸಿಗಬಾರದಾ? ಕಾನೂನಿದ್ದ ಮೇಲೆ ಕಳ್ಳತನ ಹೇಗಾಗುತ್ತೆ?

ನಾನು: ಕಾನೂನು ಮಾಡಿದವರು ಯಾರು ದೊಡ್ಡಪ್ಪ? ಪಾಲು ತಗೊಂಡವರ ಕಡೆಯವರೇ. ನಮ್ಮೂರ ಲೆಕ್ಕ ನೋಡಿ. ಸೇನಾಪತಿ ಹ್ಯಾರಿಸ್‌ಗೆ 1,42,000 ಪೌಂಡ್‌ಗೂ ಜಾಸ್ತಿ. ಬಿಳಿ ಸಿಪಾಯಿಗೆ ಸುಮಾರು 7. ಅದೇ ಯುದ್ಧದಲ್ಲಿ ಬ್ರಿಟಿಷರ ಪರ ಹೋರಾಡಿದ ನಮ್ಮ ಸಿಪಾಯಿಗೆ ಸುಮಾರು 5. ಜೀವ ಒತ್ತೆಯಿಟ್ಟವನಿಗೆ ಅಂತೀರಲ್ಲ, ಸಿಪಾಯಿ ಇಟ್ಟದ್ದು ಅಗ್ಗದ ಜೀವವಾ?

ಅಕ್ಕ: ಹಣ ಹೋಗಲಿ, ಸಿಂಹಾಸನ ಒಂದೇ ಇತ್ತು. ಅದರ ಮೇಲಿದ್ದ ಹುಮಾ ಅನ್ನೋ ಕಥೆಯ ಹಕ್ಕಿಯ ಮೂರ್ತಿ ಈಗ ಇಂಗ್ಲೆಂಡಿನ ವಿಂಡ್ಸರ್ ಅರಮನೆಯಲ್ಲಿ. ಅದರ ಹುಲಿ ತಲೆಗಳು ಬೇರೆ ಬೇರೆ ಕಡೆ ಚದುರಿವೆ. ಪಾಲಿಗೋಸ್ಕರ ಅಂಥದ್ದನ್ನು ಒಡೆದರಲ್ಲ, ನನಗೆ ಸಂಕಟ ಆಗೋದು ಅದಕ್ಕೆ.

ದೊಡ್ಡಪ್ಪ: ಒಡೆದದ್ದು ತಪ್ಪು, ಒಪ್ಪಿದೆ. ಸಿಪಾಯಿಗೆ ಕಮ್ಮಿ ಕೊಟ್ಟದ್ದೂ ಅನ್ಯಾಯ. ಆದರೂ ಆ ಕಾಲದ ಸೈನ್ಯಗಳೆಲ್ಲ ಹೀಗೇ ನಡೆದುಕೊಂಡವು.

ನಾನು: ಎಲ್ಲರೂ ಮಾಡಿದರು ಅಂದರೆ ಸರಿ ಅಂತ ಅಲ್ಲವಲ್ಲ. ಬ್ರಿಟನ್ನೇ 1948ರಲ್ಲಿ ನೌಕಾಪಡೆಯ ಪ್ರೈಜ್ ಮನಿ ನಿಲ್ಲಿಸಿತು.

ಅತ್ತೆ: ಹಾಗಾದರೆ "ಬಿದ್ದ ರಾತ್ರಿ" ಬದಲು "ಬಿದ್ದ ಮೇಲೆ" ಅಂತ, "ಸೈನಿಕರು" ತೆಗೆದು "ಪ್ರೈಜ್ ಏಜೆಂಟರು" ಅಂತ ಹಾಕ್ತೀನಿ. "ದೋಚಿದರು" ಇರಲಿ.

ದೊಡ್ಡಪ್ಪ: "ಹಂಚಿಕೊಂಡರು" ಅಂತ ಹಾಕಮ್ಮ.

ನಾನು: ಬೇಡ ಅತ್ತೆ, "ದೋಚಿದರು" ಅಂತಲೇ ಇರಲಿ.