ಎರಡು ದಿನ ಹೊಳೆಯಲ್ಲಿ ಬೋಟ್, ರಾತ್ರಿ ದಂಡೆ ಮೇಲೆ ಟೆಂಟ್: ಕಾಳಿನಾ, ತುಂಗಭದ್ರಾನಾ?

ಗೋಕುಲ ರೋಡ್ ಗೆಳೆಯ:
ನಾವು ನಾಲ್ಕು ಜನ, ಎಲ್ಲರೂ ಹುಬ್ಬಳ್ಳಿಯವರು. ಒಬ್ಬನದು ಫೈಬರ್ ಕೆಲಸದ ಶೆಡ್ ಇದೆ. ಮಳೆಗಾಲದಲ್ಲಿ ಆರ್ಡರ್ ಕಡಿಮೆ ಇದ್ದಾಗ ಸುಮ್ನೆ ಕೂರಲಾರದೆ 15 ಅಡಿಯ ಎರಡು ಕನೂ ಮಾಡಿಬಿಟ್ಟ. ಕಯಾಕ್ ಅಲ್ಲ ಮತ್ತೆ. ಮೇಲೆ ಪೂರ್ತಿ ತೆರೆದದ್ದು, ಹುಟ್ಟಿಗೆ ಒಂದೇ ಕಡೆ ಅಲಗು.

ಕುಂದಗೋಳದ ಹತ್ತಿರ ಮಾವನ ಹೊಲದ ಕೃಷಿ ಹೊಂಡದಲ್ಲಿ ಇಳಿಸಿ ನೋಡಿದೆವು. ತೇಲುತ್ತದೆ, ಸೋರುವುದಿಲ್ಲ. ಆದರೆ ಗಾಣದ ಎತ್ತಿನ ಹಾಗೆ ಅಲ್ಲೇ ಸುತ್ತು ಹೊಡೆಯುತ್ತದೆ. ಮಾವ ದಂಡೆ ಮೇಲೆ ಕೂತು ನಕ್ಕಿದ್ದೇ ನಕ್ಕಿದ್ದು.

ನವೆಂಬರ್ ಎರಡನೇ ಶನಿವಾರ ಹೊರಟು ಭಾನುವಾರ ಸಂಜೆ ವಾಪಸ್ ಬರಬೇಕು. ಕಾಳಿ ಹೊಳೆಯ ದಾಂಡೇಲಿಯೇ ಹತ್ತಿರ, ಅಲ್ಲೇ ಹೋಗೋಣ ಅಂತ ಇಬ್ಬರ ಹಟ. ರಾತ್ರಿ ಟೆಂಟ್ ಎಲ್ಲಿ ಹಾಕಬಹುದು? ಯಾರಾದರೂ ಮಾಡಿದ್ದೀರಾ?

ಸಪ್ತಾಪುರದವ:
ದಾಂಡೇಲಿ ಆಸೆ ಬಿಡ್ರಿ. ಗಣೇಶಗುಡಿಯಲ್ಲಿ ದುಡ್ಡು ಕೊಟ್ಟು ಗೈಡ್ ಜೊತೆ ರಾಫ್ಟಿಂಗ್ ಮಾಡುವುದು ಬೇರೆ, ನಿಮ್ಮದೇ ಬೋಟ್ ಇಳಿಸಿ ದಂಡೆ ಮೇಲೆ ಮಲಗುವುದು ಬೇರೆ. ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು. ಕಂಡಲ್ಲಿ ಟೆಂಟ್ ಹೊಡೆಯಲು ಬಿಡುವುದಿಲ್ಲ. ಇನ್ನು ನೀರು. ಮೇಲೆ ಸೂಪಾ ಡ್ಯಾಮ್ ಇದೆ, ಕರೆಂಟ್ ಉತ್ಪಾದನೆಗೆ ನೀರು ಬಿಟ್ಟಾಗ ಹೊಳೆ ಏರುತ್ತದೆ, ನಿಲ್ಲಿಸಿದಾಗ ಬಂಡೆ ಕಾಣುತ್ತವೆ. ಮಳೆಗೂ ಅದಕ್ಕೂ ಸಂಬಂಧವಿಲ್ಲ. ದಾಂಡೇಲಿ ಊರ ಹತ್ತಿರವೇ ಮೊಸಳೆ ಬಂಡೆ ಮೇಲೆ ಬಿಸಿಲು ಕಾಯಿಸುತ್ತ ಮಲಗಿರುತ್ತವೆ. ಹೊಂಡದಲ್ಲಿ ಸುತ್ತು ಹೊಡೆಯುವವರಿಗೆ ಆ ಹೊಳೆ ಅಲ್ಲ. ಸಿಟ್ಟು ಮಾಡ್ಕೋಬೇಡಿ.

ಹಾವೇರಿ ಮೇಷ್ಟ್ರು:
ನಾವು ಮೂರು ವರ್ಷದ ಹಿಂದೆ ದಸರಾ ರಜೆಯಲ್ಲಿ ಗಳಗನಾಥದಿಂದ ಕೆಳಗೆ ಹೋಗಿದ್ದೆವು. ವರದಾ ಬಂದು ತುಂಗಭದ್ರೆಗೆ ಸೇರುವ ಜಾಗ ಅದು. ದಂಡೆಯಲ್ಲೇ ಚಾಲುಕ್ಯರ ಕಾಲದ ಗಳಗೇಶ್ವರ ಗುಡಿ. ಬೋಟ್ ಇಳಿಸುವ ಮೊದಲು ಅರ್ಧ ಗಂಟೆ ಅದಕ್ಕೂ ಕೊಡಿ.

ಈಗ ನಮ್ಮ ದಡ್ಡತನ ಕೇಳಿ. ಸಂಜೆ ಐದಕ್ಕೆ ಹೊಳೆ ನಡುವೆ ಒಂದು ಮರಳ ದಿಬ್ಬ ಕಂಡಿತು. ಸುತ್ತ ನೀರು, ನಾಯಿ ಕಾಟ ಇಲ್ಲ. ಇದಕ್ಕಿಂತ ಒಳ್ಳೆ ಜಾಗ ಬೇಕಾ ಅಂತ ಟೆಂಟ್ ಹೊಡೆದೆವು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕೆನೆಮೊಸರು. ಆಕಾಶದಲ್ಲಿ ಒಂದು ಮೋಡ ಇಲ್ಲ, ಬರೀ ಚುಕ್ಕಿ. ರಾತ್ರಿ ಎರಡರ ಸುಮಾರಿಗೆ ಒಬ್ಬ ಎದ್ದು, 'ಲೇ, ನನ್ನ ಚಪ್ಪಲಿ ಯಾರು ತಗೊಂಡ್ರಿ?' ಅಂದ. ಹೊಳೆ ತಗೊಂಡಿತ್ತು. ಬ್ಯಾಟರಿ ಬಿಟ್ಟು ನೋಡಿದರೆ ನೀರು ಟೆಂಟಿನ ಗೂಟಕ್ಕೆ ಬಂದು ಮುಟ್ಟಿದೆ. ಕತ್ತಲಲ್ಲಿ ಸಾಮಾನು ತುಂಬಿ ದಂಡೆಗೆ ಬರುವಷ್ಟರಲ್ಲಿ ಒಂದು ಚೀಲ ಹೋಯಿತು. ನನ್ನ ಕನ್ನಡಕವೂ ಅದರಲ್ಲೇ ಇತ್ತು.

ಮಳೆ ಆಗಿದ್ದು ನಮ್ಮಲ್ಲಿ ಅಲ್ಲ, ಮಲೆನಾಡಿನಲ್ಲಿ. ತುಂಗೆಗೆ ಗಾಜನೂರು ಡ್ಯಾಮ್, ಭದ್ರೆಗೆ ಲಕ್ಕವಳ್ಳಿ ಡ್ಯಾಮ್. ಅಲ್ಲಿ ಗೇಟ್ ಎತ್ತಿದರೆ ಎರಡೂ ಕೂಡ್ಲಿಯಲ್ಲಿ ಒಂದಾಗಿ ನಮ್ಮ ಕಡೆಗೇ ಬರಬೇಕು. ಸದ್ದೂ ಮಾಡದೆ ಬರುತ್ತದೆ. ಹೊರಡುವ ಮೊದಲು ಎರಡೂ ಡ್ಯಾಮಿನ ಸುದ್ದಿ ನೋಡಿ. ದಂಡೆಯ ಜಾಲಿ ಗಿಡಗಳಲ್ಲಿ ಒಣ ಕಸ, ಪ್ಲಾಸ್ಟಿಕ್ ಎಷ್ಟು ಎತ್ತರಕ್ಕೆ ಸಿಕ್ಕಿಕೊಂಡಿದೆ ಅಂತ ನೋಡಿ. ಅಲ್ಲಿಯವರೆಗೂ ನೀರು ಬಂದು ಹೋಗಿದೆ ಅಂತ ಅರ್ಥ. ಅದಕ್ಕಿಂತ ಮೇಲೆ ಮಲಗಿ. ಮಲಗುವ ಮುಂಚೆ, ನೀರು ಏರಿದರೆ ಗೊತ್ತಾಗುವ ಹಾಗೆ ಅಂಚಿಗೆ ಒಂದು ಕಡ್ಡಿ ನೆಡಿ, ಬೋಟನ್ನು ಪೂರ್ತಿ ಮೇಲೆಳೆದು ಎರಡೂ ತುದಿಗೆ ಹಗ್ಗ ಕಟ್ಟಿ.

ಸುತ್ತು ಹೊಡೆಯುವ ವಿಷಯ. ಹಿಂದೆ ಕೂತವನ ಕೆಲಸ ಅದು. ಹುಟ್ಟು ಹಾಕಿ ಹಿಂದಕ್ಕೆ ಎಳೆದ ಮೇಲೆ ಕೊನೆಯಲ್ಲಿ ಅಲಗನ್ನು ತಿರುವಿ ನೀರನ್ನು ಸ್ವಲ್ಪ ಹೊರಕ್ಕೆ ತಳ್ಳಬೇಕು. ಮೇಲಿನ ಕೈ ಹೆಬ್ಬೆರಳು ಕೆಳಗೆ ಬರಬೇಕು. ಇಂಗ್ಲಿಷಿನ ಜೆ ಅಕ್ಷರ ಬರೆದ ಹಾಗೆ. ಮಾವನ ಹೊಂಡದಲ್ಲಿ ಇನ್ನೆರಡು ಭಾನುವಾರ ಮಾಡಿ, ಕೈಗೆ ಹತ್ತುತ್ತದೆ. ಅಲೆ ಇದ್ದಲ್ಲಿ ಮೊಣಕಾಲೂರಿ ಕೂತರೆ ಬೋಟ್ ಜಾಸ್ತಿ ಓಲಾಡುವುದಿಲ್ಲ.

ಮುಂಡರಗಿ ಹೊಳೆಸಾಲಿನವ:
ಮೇಷ್ಟ್ರು ಹೇಳಿದ್ದು ಖರೆ. ನಮ್ಮ ಹಿರಿಯರೂ ಹೊಳೆ ನಡುವೆ ಮಲಗುತ್ತಿರಲಿಲ್ಲ.

ನನ್ನದು ಎರಡು ಮಾತು. ಹಮ್ಮಿಗಿ ಬ್ಯಾರೇಜಿನ ತನಕ ಹೋಗಬೇಡ್ರಿ, ಬಹಳ ಮೊದಲೇ ದಂಡೆ ಹತ್ತಿರಿ. ಗೇಟ್ ಹಾಕಿದಾಗ ಹಿನ್ನೀರು ಕೆರೆ ಹಾಗೆ ನಿಂತಿರುತ್ತದೆ. ಬೋಟ್ ತಾನಾಗಿ ಹೋಗುವುದಿಲ್ಲ. ಎದುರು ಗಾಳಿ ಇದ್ದರಂತೂ ರಟ್ಟೆ ಬಿದ್ದುಹೋಗುತ್ತದೆ. ಬೆಳಿಗ್ಗೆ ಬೇಗ ಹೊರಟರೆ ಚಲೋ.

ಇನ್ನೊಂದು, ದಂಡೆಗುಂಟ ರೈತರ ಪಂಪ್‌ಸೆಟ್ ಪೈಪು, ವೈರು ನೀರಿಗೆ ಇಳಿದಿರುತ್ತವೆ. ಕೈ ಹಚ್ಚಬೇಡ್ರಿ. ಖಾಲಿ ಬಾಟಲಿ ಸಾಲಾಗಿ ತೇಲುತ್ತಿದ್ದರೆ ಕೆಳಗೆ ಮೀನಿನ ಬಲೆ ಇದೆ ಅಂತ ತಿಳ್ಕೊಳ್ರಿ, ಸುತ್ತು ಹಾಕಿ ಹೋಗ್ರಿ. ಬಲೆ ಹರಿದರೆ ಜಗಳ ಗ್ಯಾರಂಟಿ. ಈಜಲು ಇಳಿಯಲೇಬೇಡ್ರಿ. ಮರಳು ತೆಗೆದ ಗುಂಡಿ ಮೇಲಿನಿಂದ ಕಾಣುವುದಿಲ್ಲ. ಮೊಸಳೆ ನಮ್ಮ ಕಡೆಯೂ ಇವೆ. ಟೆಂಟ್ ಹಾಕುವ ಮೊದಲು ಹೊಲದವರನ್ನು ಕೇಳ್ರಿ. ಕೇಳಿದವರನ್ನು ಇಲ್ಲಿ ಯಾರೂ ಹಾಗೇ ಕಳಿಸುವುದಿಲ್ಲ, ಮಜ್ಜಿಗೆ ಆದರೂ ಕೊಡುತ್ತಾರೆ.

ಗೋಕುಲ ರೋಡ್ ಗೆಳೆಯ:
ಮೇಷ್ಟ್ರೇ, ಅಣ್ಣಾವ್ರೇ, ಬಹಳ ಉಪಕಾರ. ದಾಂಡೇಲಿ ಹಟದವರಿಗೆ ಸಪ್ತಾಪುರದವರ ಮಾತು ಓದಿ ಹೇಳಿದೆ, ತೆಪ್ಪಗಾದರು. ಗಳಗನಾಥವೇ ಪಕ್ಕಾ. ನಾಲ್ಕು ಲೈಫ್ ಜಾಕೆಟ್ ತರಿಸಿದ್ದೇವೆ. ಒಂದು ಉಳಿದಿತ್ತು ನೋಡಿ: ಕೆಳಗೆ ಇಳಿದ ಮೇಲೆ ಗಳಗನಾಥದಲ್ಲಿ ನಿಂತ ಗಾಡಿ ತರುವವರು ಯಾರು?

ಹಾವೇರಿ ಮೇಷ್ಟ್ರು:
ನಾವು ಅದನ್ನು ಮರೆತು, ಟೆಂಪೋಕ್ಕೆ ಕೈ ಮಾಡುತ್ತ ರಸ್ತೆ ಮೇಲೆ ಮೂರು ತಾಸು ನಿಂತಿದ್ದೆವು. ಮೊದಲೇ ಒಬ್ಬರಿಗೆ ಹೇಳಿಡಿ.

ಗೋಕುಲ ರೋಡ್ ಗೆಳೆಯ:
ಮಾವನಿಗೆ ಫೋನ್ ಮಾಡಿದೆ. ಬೊಲೆರೋ ತರುತ್ತಾನಂತೆ. 'ದಂಡೆ ಮೇಲೆ ಕೂತು ನೋಡೋ ಕೆಲಸ ನನಗೆ ಬಿಡು' ಅಂದ.