ಪದಚರ್ಚೆ: ಕಾರು ‘ರೀಕಾಲ್’ ಎಂದರೆ ‘ಹಿಂಪಡೆಯುವುದೇ’?

ಕಲಬುರಗಿಯಿಂದ ಪ್ರಶ್ನೆ

ಎಲ್ಲರಿಗೂ ಶರಣು. ಆಟೊಮೊಬೈಲ್ ಡಿಪ್ಲೊಮಾ ಓದುವವರಿಗಾಗಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ದೊಡ್ಡ ಕಾರು ಕಂಪನಿಗಳು ಹಲವು ದೇಶಗಳಲ್ಲಿ ವ್ಯವಹಾರ ನಡೆಸುವ ಬಗೆಯನ್ನು ಹೇಳುವ ಅಧ್ಯಾಯದಲ್ಲಿ ‘ರೀಕಾಲ್’ (ದೋಷ ಕಂಡ ಕಾರುಗಳನ್ನು ಕಂಪನಿಯೇ ಕರೆಸುವುದು) ಪದದ ಹತ್ತಿರ ಕೆಲಸ ನಿಂತಿದೆ. ಪತ್ರಿಕೆಗಳು ‘ಕಾರು ಹಿಂಪಡೆದ ಕಂಪನಿ’ ಎಂದು ಬರೆಯುತ್ತವೆ. ಅದನ್ನು ಓದಿದವರು ‘ಹಂಗಾದ್ರ ರೊಕ್ಕ ವಾಪಸ್ ಕೊಡ್ತಾರೇನ್ರಿ?’ ಎಂದು ಕೇಳುತ್ತಾರೆ. ‘ಮರುಕರೆ’ ಎಂದರೆ ಫೋನಿನ ನೆನಪು ಬರುತ್ತದೆ. ಯಾವ ಪದ ಸರಿ? ಒಂದೇ ದೋಷಕ್ಕೆ ಹಲವು ಕಂಪನಿಗಳ ಕಾರು ಕರೆಸುವುದೇಕೆ ಎಂಬುದನ್ನೂ ಅಲ್ಲೇ ಹೇಳಬೇಕಿದೆ.

ಬೀದರಿನಿಂದ ಉತ್ತರ

ಸರ್, ಔಷಧಿಯ ಒಂದು ಬ್ಯಾಚು ಕೆಟ್ಟಿದ್ದರೆ ಅಂಗಡಿಯಿಂದ ಮಾಲು ವಾಪಸ್ ಹೋಗುತ್ತದೆ; ಅಲ್ಲಿ ‘ಹಿಂಪಡೆ’ ಸರಿಯೇ. ಕಾರಿನದು ಹಾಗಲ್ಲ. ಗಾಡಿ ಮಾಲೀಕನದೇ ಆಗಿ ಉಳಿಯುತ್ತದೆ. ಸರ್ವಿಸ್ ಸೆಂಟರಿಗೆ ಕರೆಸಿ, ದೋಷದ ಪಾರ್ಟು ಬದಲಿಸಿ, ಬಿಲ್ಲಿಲ್ಲದೆ ಮರಳಿ ಕೊಡುತ್ತಾರೆ. ಆದ್ದರಿಂದ ಕ್ರಿಯಾಪದವಾಗಿ ‘ದುರಸ್ತಿಗೆ ಕರೆಸು’ ಎಂದು ಬರೆಯಿರಿ. ನಾಮಪದವಾಗಿ ‘ರೀಕಾಲ್’ ಹಾಗೇ ಇರಲಿ, ಗ್ಯಾರೇಜಿನಲ್ಲಿ ಎಲ್ಲರಿಗೂ ತಿಳಿಯುತ್ತದೆ. ಕಾನೂನಿನ ಭಾಗದಲ್ಲಿ ಮಾತ್ರ ಎಚ್ಚರ ಬೇಕು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಸೇರಿಸಿದ 110ಎ ಕಲಮಿನಲ್ಲಿ ದುರಸ್ತಿಯ ಜೊತೆಗೆ ಬೇರೆ ಗಾಡಿ ಕೊಡುವ, ಪೂರ್ಣ ಬೆಲೆ ಮರಳಿಸುವ ದಾರಿಗಳೂ ಇವೆ. ಅಲ್ಲಿ ‘ದುರಸ್ತಿಗೆ’ ಬಿಟ್ಟು ಬರೀ ‘ಕರೆಸು’ ಎನ್ನಬೇಕು.

ಎರಡನೆಯ ಪ್ರಶ್ನೆಗೆ ಟಕಾಟಾ ಏರ್‌ಬ್ಯಾಗಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಕಾರು ಕಂಪನಿ ಕಾರಿನ ಎಲ್ಲ ಪಾರ್ಟನ್ನೂ ತಾನೇ ಮಾಡುವುದಿಲ್ಲ. ವಿನ್ಯಾಸ, ಬಾಡಿ, ಪೇಂಟು, ಕೊನೆಯ ಜೋಡಣೆ, ಸಾಮಾನ್ಯವಾಗಿ ಎಂಜಿನ್ನು ಅದರ ಕೈಯಲ್ಲಿ. ಬ್ರೇಕು, ಸೀಟು, ವೈರಿಂಗು, ಏರ್‌ಬ್ಯಾಗು ಪೂರೈಕೆದಾರರಿಂದ ಬರುತ್ತವೆ. ಜಪಾನಿನ ಟಕಾಟಾ ಅಂಥ ಪೂರೈಕೆದಾರ. ಹೋಂಡಾ, ಟೊಯೊಟಾ, ಬಿಎಂಡಬ್ಲ್ಯು, ಫೋರ್ಡ್ ಎಲ್ಲಕ್ಕೂ ಅದರ ಏರ್‌ಬ್ಯಾಗು ಹೋಗುತ್ತಿತ್ತು. ಚೀಲ ಉಬ್ಬಿಸುವ ಇನ್‌ಫ್ಲೇಟರಿನಲ್ಲಿ ಅಮೋನಿಯಂ ನೈಟ್ರೇಟ್ ಬಿಲ್ಲೆಗಳಿದ್ದವು. ವರ್ಷಗಟ್ಟಲೆ ತೇವ ಹೀರಿ, ಬಿಸಿಗೂ ತಂಪಿಗೂ ಸಿಕ್ಕಿ ಆ ಬಿಲ್ಲೆಗಳು ಸಡಿಲವಾಗುತ್ತಿದ್ದವು. ಡಿಕ್ಕಿಯಾದಾಗ ಬೇಕಾದುದಕ್ಕಿಂತ ವೇಗವಾಗಿ ಉರಿದು ಲೋಹದ ಡಬ್ಬಿಯೇ ಸಿಡಿದು, ಚೂರುಗಳು ಕೂತವರ ಮೇಲೆ ಹಾರುತ್ತಿದ್ದವು. ನಮ್ಮ ಕಡೆಯವರು ಬರೀ ಬಿಸಿಲಿನ ಮೇಲೆ ತಪ್ಪು ಹಾಕುತ್ತಾರೆ. ತೇವವೂ ಸೇರಿದಾಗಲೇ ಅಪಾಯ ಹೆಚ್ಚು, ಹಾಗಾಗಿ ಕರಾವಳಿಯ ಗಾಡಿಗಳಿಗೂ ಅಷ್ಟೇ ಕಾಳಜಿ ಬೇಕು. ಹೋಂಡಾ 2008ರಲ್ಲಿ ಮೊದಲು ಕರೆಸಿತು. ಅಮೆರಿಕವೊಂದರಲ್ಲೇ ಸುಮಾರು 6.7 ಕೋಟಿ ಇನ್‌ಫ್ಲೇಟರುಗಳು ಬದಲಾವಣೆಯ ಪಟ್ಟಿಗೆ ಬಂದವು. 2017ರಲ್ಲಿ ಟಕಾಟಾ ದಿವಾಳಿ ಅರ್ಜಿ ಹಾಕಿತು. ದೋಷ ಪೂರೈಕೆದಾರನದಾದರೂ ಗಾಡಿಯ ಮೇಲೆ ಯಾರ ಹೆಸರಿದೆಯೋ ಅವರೇ ಕರೆಸಬೇಕು. ಈ ಮಾತು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಬರಲಿ.

ಇನ್ನೊಂದು ಗೊಂದಲ ‘ಸರ್ವಿಸ್ ಕ್ಯಾಂಪೇನ್’. ಸುರಕ್ಷತೆಗೆ ಸಂಬಂಧಿಸದ ಸಣ್ಣ ದೋಷವನ್ನು ಗಾಡಿ ಮಾಮೂಲಿ ಸರ್ವಿಸಿಗೆ ಬಂದಾಗ ಸರಿಪಡಿಸುತ್ತಾರೆ. ಅದಕ್ಕೆ ‘ರೀಕಾಲ್’ ಎನ್ನಬೇಡಿ.

ಯಾದಗಿರಿಯಿಂದ ಸೇರ್ಪಡೆ

ಮೇಲಿನ ಮಾತು ಒಪ್ಪುತ್ತೇನೆ ರೀ, ‘ಕಂಪನಿಯವ್ರು ಗಾಡಿ ಕರೆಸ್ಯಾರ’ ಅಂದರೆ ಹಳ್ಳಿಯಲ್ಲೂ ತಿಳಿಯುತ್ತದೆ. ಕರೆ ಯಾರಿಗೆ ಮುಟ್ಟುತ್ತದೆ ಎಂಬುದೂ ಬರೆಯಿರಿ. ಪೂರೈಕೆದಾರನ ಲಾಟ್ ನಂಬರಿನಿಂದ ಆ ಪಾರ್ಟು ಯಾವ ಯಾವ ಗಾಡಿಗೆ ಕೂತಿದೆ ಎಂದು ಹುಡುಕಿ, ಚಾಸಿಸ್ ನಂಬರಿನ ಪಟ್ಟಿ ಮಾಡುತ್ತಾರೆ. ಆದ್ದರಿಂದ ಒಂದೇ ಮಾಡೆಲ್ಲು, ಒಂದೇ ವರ್ಷದ ಎರಡು ಕಾರಿನಲ್ಲಿ ಒಂದಕ್ಕಷ್ಟೇ ಕರೆ ಬರಬಹುದು. ಆಮೇಲೆ ದಾಖಲೆಯಲ್ಲಿರುವ ಮಾಲೀಕನಿಗೆ ಪತ್ರ, ಎಸ್‌ಎಂಎಸ್ಸು.

ಎಡವುವುದು ಇಲ್ಲೇ. ಹೈದರಾಬಾದಿನಿಂದಲೋ ಸೊಲ್ಲಾಪುರದಿಂದಲೋ ಸೆಕೆಂಡ್ ಹ್ಯಾಂಡ್ ಗಾಡಿ ತಂದು ಆರ್‌ಸಿಯಲ್ಲಿ ಹೆಸರು ಬದಲಿಸದಿದ್ದರೆ ಕರೆ ಹಳೇ ಮಾಲೀಕನಿಗೇ ಹೋಗುತ್ತದೆ. ಅಂಥವರು ಆರ್‌ಸಿಯಲ್ಲಿರುವ 17 ಅಕ್ಷರ-ಅಂಕಿಗಳ ಚಾಸಿಸ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಬೇಕು, ಇಲ್ಲವೇ ಡೀಲರಿಗೆ ಓದಿ ಹೇಳಬೇಕು. ಅದರಲ್ಲಿ ಐ, ಒ, ಕ್ಯೂ ಅಕ್ಷರಗಳು ಬರುವುದೇ ಇಲ್ಲ. ಹಾಗೆ ಕಂಡರೆ ಅದು ಒಂದು ಅಥವಾ ಸೊನ್ನೆ.