ಎರಡು ಇಂಜಿನ್ ಒಟ್ಟಿಗೆ ಟ್ಯೂನ್ ಆಗ್ತಿಲ್ಲ, ಅನುಭವ ಇದ್ದೋರು ಹೇಳಿ

ಹೊಸಬ: ಆರ್‌ಸಿ (ರಿಮೋಟಲ್ಲಿ ಓಡೋ) ಕ್ಯಾಟಮರಾನ್, ಅಂದ್ರೆ ಜೋಡಿ ಒಡಲಿನ ಮಾಡೆಲ್ ದೋಣಿ, 26 ಸಿಸಿ ಝೆನೋವಾ ಪೆಟ್ರೋಲ್ ಇಂಜಿನ್ ಎರಡು. ಒಂದೊಂದೇ ಸ್ಟಾರ್ಟ್ ಮಾಡಿದ್ರೆ ಎರಡೂ ಚೆನ್ನಾಗಿವೆ. ಒಟ್ಟಿಗೆ ಫುಲ್ ಥ್ರಾಟಲ್ ಕೊಟ್ರೆ ಬಲಗಡೆದು ಸುಸ್ತಾಗತ್ತೆ, ದೋಣಿ ಬಲಕ್ಕೆ ಎಳೆಯತ್ತೆ. ಕಾರ್ಬ್ಯುರೇಟರಲ್ಲಿ ಪೆಟ್ರೋಲ್ ಹೆಚ್ಚು ಕಮ್ಮಿ ಮಾಡೋ ನೀಡಲ್ ಎಷ್ಟು ತಿರುಗಿಸ್ಲಿ?

ಶಿವಮೊಗ್ಗದವ: ಎರಡು ವರ್ಷದ ಹಿಂದೆ ನಂದೂ ಇದೇ ಗೋಳು. ಎರಡಕ್ಕೂ ಒಂದೇ ಟ್ಯಾಂಕ್, ಪೆಟ್ರೋಲ್ ಪೈಪಿಗೆ ಮಧ್ಯೆ ಟಿ ಜಾಯಿಂಟ್ ಹಾಕಿ ಕವಲು ಮಾಡಿದ್ದೆ, ಏಳು ಭಾನುವಾರ ಬರೀ ನೀಡಲ್ ತಿರುಗಿಸಿದ್ದೇ ಬಂತು. ಒಂದಿನ ಫುಲ್ ಸ್ಪೀಡಲ್ಲಿ ಎಡಗಡೆದು ನಿಂತೇ ಹೋಯ್ತು, ದೋಣಿ ಗಿರಕ್ಕಂತ ಎಡಕ್ಕೆ ತಿರುಗಿ ಮಗುಚಿ ಬಿತ್ತು, ಇಂಜಿನ್ ಒಳಗೆಲ್ಲಾ ಹೊಂಡದ ನೀರು. ಬೇರಿಂಗ್ 1,180, ಕಾರ್ಬ್ ಕಿಟ್ 640ರಂತೆ ಎರಡು, ಕಾಯಿಲ್ 2,750, ರಿಮೋಟ್ ಸಿಗ್ನಲ್ ಹಿಡಿಯೋ ರಿಸೀವರ್ 3,900, ಅದ್ರ ಮೇಲೆ ಕಸ್ಟಮ್ಸ್ ಬೇರೆ. ಬಿಲ್ಲೆಲ್ಲಾ ಇನ್ನೂ ಇಟ್ಕೊಂಡಿದೀನಿ. ಕೊನೆಗೆ ಟಿ ಕಿತ್ತು ಬಿಸಾಕಿ ಒಂದೊಂದಕ್ಕೆ ಒಂದೊಂದು ಟ್ಯಾಂಕ್ ಕೊಟ್ಟೆ, ಅವತ್ತಿಂದ ಒಂದಿನಾನೂ ಕೈ ಕೊಟ್ಟಿಲ್ಲ. ಟ್ಯಾಂಕ್ ಬೇರೆ ಮಾಡೋವರೆಗೂ ನೀಡಲ್ ಮುಟ್ಲೇಬೇಡಿ.

ಕುಂದಾಪುರ: ಟ್ಯಾಂಕ್ ಅಲ್ಲ ಮಾರಾಯ್ರೆ, ಮೊದ್ಲು ಪೆಟ್ರೋಲ್ ನೋಡಿ. ಈಗ ಬಂಕಲ್ಲಿ ಸಿಗೋದು ಇ20, ನೂರಕ್ಕೆ ಇಪ್ಪತ್ತು ಎಥನಾಲ್. ಹಳೇ ಸೆಟ್ಟಿಂಗಲ್ಲೇ ಓಡಿಸಿದ್ರೆ ಲೀನ್ ಆಗ್ತದೆ, ಅಂದ್ರೆ ಗಾಳಿ ಜಾಸ್ತಿ, ಇಂಧನ ಕಮ್ಮಿ. ನಾನು 25:1 ಆಯಿಲ್ ಮಿಕ್ಸ್ ಮಾಡಿ ಮಳೆಗಾಲ ಪೂರ್ತಿ ಕ್ಯಾನಲ್ಲೇ ಇಟ್ಟಿದ್ದೆ. ತೇವ ಹೀರಿ ತಳದಲ್ಲಿ ನೀರು, ಎಥನಾಲ್ ಬೇರೆಯಾಗಿ ನಿಂತಿತ್ತು, ಗೊತ್ತಾಗ್ಲಿಲ್ಲ, ಹಾಗೇ ಹುಯ್ದೆ. ಮೂರನೇ ರೌಂಡಿಗೆ ಪಿಸ್ಟನ್ ಕಚ್ಚಿಕೊಂಡು ಸೀಜ್. ಪಿಸ್ಟನ್, ಸಿಲಿಂಡರ್ ಸೇರಿ 9,400 ರೂಪಾಯಿ, ಬರೋಕೆ ಐವತ್ಮೂರು ದಿನ. ಬಿಚ್ಚಿ ನೋಡಿದ್ರೆ ಕಾರ್ಬ್ ಡಯಾಫ್ರಮ್ (ಒಳಗಿನ ತೆಳು ಪೊರೆ) ಸೆಟೆದು ತಗಡಿನ ಹಾಗೆ ಆಗಿತ್ತು. ಈಗ ಹೈ ನೀಡಲ್ ಮೊದ್ಲಿಗಿಂತ ಅರೆಕಾಲು ಸುತ್ತು ಜಾಸ್ತಿ ಬಿಚ್ಚಿದ್ದೇನೆ. ಆ ದಿನಕ್ಕೆ ಬೇಕಾದಷ್ಟೇ ಮಿಕ್ಸ್, ಸಂಜೆ ಕಾರ್ಬ್ ಖಾಲಿ ಮಾಡಿಯೇ ಮನೆಗೆ.

ಶಿವಮೊಗ್ಗದವ: ಅವ್ರದ್ದು ಒಂದು ಇಂಜಿನ್ ಮಾತ್ರ ಸುಸ್ತಾಗ್ತಿರೋದು. ಪೆಟ್ರೋಲ್ ಕೆಟ್ಟಿದ್ರೆ ಎರಡೂ ಸುಸ್ತಾಗ್ಬೇಕಲ್ವಾ?

ಕುಂದಾಪುರ: ನನ್ನದೂ ಸೀಜ್ ಆದದ್ದು ಒಂದೇ. ಎರಡು ಡಯಾಫ್ರಮ್ ಒಂದೇ ದಿನ ಕೆಡ್ತದೆ ಅಂತ ಉಂಟಾ? ಸುಟ್ಟ ಪಿಸ್ಟನ್ ಕೈಲಿ ಹಿಡಿದು ನೋಡಿದವ ನಾನು.

ಸ್ಟುಟ್‌ಗಾರ್ಟ್ ಕನ್ನಡಿಗ: ಇಬ್ರೂ ದಡದಲ್ಲೇ ಕೂತು ಜಗಳ ಆಡ್ತಿದೀರ. ಸ್ಟ್ಯಾಂಡ್ ಮೇಲೆ ಮಾಡಿದ ಟ್ಯೂನಿಂಗ್ ನೀರಲ್ಲಿ ಲೋಡ್ ಬಿದ್ದಾಗ ನಿಲ್ಲೋದೇ ಇಲ್ಲ. ನನಗೆ ಪೆಟ್ರೋಲ್ ದೋಣಿ ಓಡಿಸೋಕೆ 70 ಕಿಲೋಮೀಟರ್ ಹೋಗ್ಬೇಕು, ಹತ್ರದ ಕೆರೆಗಳಲ್ಲಿ ಸದ್ದು ಅಂತ ಬಿಡಲ್ಲ, ಹಂಗಾಗಿ ಒಂದೊಂದು ರನ್ನೂ ಬರೆದಿಡ್ತೀನಿ. ಫುಲ್ ಥ್ರಾಟಲಲ್ಲಿ ಓಡ್ತಿರುವಾಗ್ಲೇ ಇಂಜಿನ್ ಕಟ್ ಮಾಡಿ, ಎಳ್ಕೊಂಡು ಬಂದು ಎರಡೂ ಪ್ಲಗ್ ಬಿಚ್ಚಿ ಪಕ್ಕಪಕ್ಕ ಇಟ್ಟೆ. ಒಂದು ಬಿಸ್ಕತ್ ಬಣ್ಣ, ಇನ್ನೊಂದು ಬೆಳ್ಳಗೆ, ಅಂದ್ರೆ ಲೀನ್. ಬೆಳ್ಳಗಿರೋದಕ್ಕೆ ನೀಡಲ್ ಬಿಚ್ಚಿ ಬಣ್ಣ ಸರಿ ಮಾಡಿದೆ, ಆಗ್ಲೂ ಎಳೀತಿತ್ತು. ಆರು ಟ್ರಿಪ್ ಆದ್ಮೇಲೆ ಅಳತೆ ಪಟ್ಟಿ ಇಟ್ಟು ನೋಡಿದ್ರೆ ಒಂದು ಟ್ಯೂನ್ಡ್ ಪೈಪ್ (ಹೊಗೆ ಹೋಗೋ ಪೈಪ್) ಸಿಲಿಕಾನ್ ಜಾಯಿಂಟಲ್ಲಿ 6 ಮಿಮೀ ಹೊರಗೆ ಸರಿದಿತ್ತು. ಪೈಪ್ ಉದ್ದ ಆದ್ರೆ ಮೇಲಿನ ಆರ್‌ಪಿಎಂ ಹೋಯ್ತು ಅಂತಾನೇ ಲೆಕ್ಕ. ಇನ್ನೊಂದು, ಎರಡೂ ಪ್ರೊಪೆಲರ್ ಒಂದೇ ದಿಕ್ಕಿಗೆ ತಿರುಗ್ತಿದ್ರೆ ಇಂಜಿನ್ ಸರಿ ಇದ್ರೂ ದೋಣಿ ಒಂದು ಕಡೆ ಎಳೆಯತ್ತೆ.

ಬ್ಯಾಟರಿ ಬಾಸ್: ಬ್ಯಾಟರಿಯಲ್ಲಿ ಓಡೋ ಎರಡು ಬ್ರಷ್‌ಲೆಸ್ ಮೋಟಾರ್ ಹಾಕಿ, ಟ್ಯೂನಿಂಗೂ ಇಲ್ಲ ಏನೂ ಇಲ್ಲ. ಪೆಟ್ರೋಲಲ್ಲಿ 60 ಸಾವಿರ ಕಳ್ಕೊಂಡು ಹೇಳ್ತಿದೀನಿ.

ಕುಂದಾಪುರ: ಕೇಳಿದ್ದು ಪೆಟ್ರೋಲ್ ಬಗ್ಗೆ. ನಿಮ್ಮ ಲೈಪೋ ಬ್ಯಾಟರಿ ಉಬ್ಬಿ ಹೊತ್ತಿಕೊಂಡ್ರೆ ಮನೆಯೇ ಹೋಗ್ತದೆ, ಅದನ್ನೂ ಹೇಳಿ.

ಬ್ಯಾಟರಿ ಬಾಸ್: ನಾನು ಮೂರು ವರ್ಷದಿಂದ ಚಾರ್ಜ್ ಮಾಡೋದು ಅಂಗಳದಲ್ಲಿ, ಕಬ್ಬಿಣದ ಡಬ್ಬಿಯಲ್ಲಿಟ್ಟು, ಪಕ್ಕದಲ್ಲೇ ಕೂತು. ನಿಮ್ಮ ಎಣ್ಣೆ ಪೊರೆ ಕೆರೆ ಮೇಲೆ ತೇಲ್ತಿರತ್ತಲ್ಲ, ಮೀನು ಸಾಕೋರನ್ನ ಕೇಳಿ ಒಂದ್ಸಲ.

ಶಿವಮೊಗ್ಗದವ: ನಾನು ಓಡಿಸೋದು ನಮ್ಮ ತೋಟದ ಹೊಂಡದಲ್ಲಿ, ನಮ್ಮದೇ ನೀರು. ಅದನ್ನ ಇಲ್ಲಿ ಎಳೀಬೇಡಿ.

ಹೊಸಬ: ಈಗಷ್ಟೇ ಪೈಪ್ ಅಳೆದೆ, ಬಲಗಡೆದು 4 ಮಿಮೀ ಉದ್ದ ಇದೆ. ಟ್ಯಾಂಕ್ ಒಂದೇ, ಟಿ ಇದೆ. ಭಾನುವಾರ ಪೈಪ್ ಮಾತ್ರ ಸರಿ ಮಾಡಿ ನೋಡ್ತೀನಿ.

ಶಿವಮೊಗ್ಗದವ: ಟಿ ಇಟ್ಕೊಂಡೇ ಓಡಿಸ್ತೀರಾ? ಮಗುಚಿದ್ರೆ ರಿಸೀವರ್ ಒಣಗಿಸೋದು ಹೇಗೆ ಅಂತ ಬರೀತೀನಿ, ಅದೂ ನನಗೆ ಚೆನ್ನಾಗಿ ಗೊತ್ತು.